ಗಣಿಯಾಳದ ನ್ಯೂಟ್ರಿನೊ, ಗಣಿಯವರ ಉಸಿರು

ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳ ಜೊತೆಗೂಡಿ ಉಪಕರಣಗಳನ್ನಿಟ್ಟು ಕಾದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಸುಳಿವು ಅವರಿಗೆ ಬೇಕಿತ್ತು. ನೆಲದ ಮೇಲೆ ವಿಶ್ವಕಿರಣಗಳ ಗದ್ದಲದಲ್ಲಿ ಅದು ಪತ್ತೆಯಾಗದು. ಅಷ್ಟು ದಪ್ಪ ಬಂಡೆಯ ಕೆಳಗೆ ಆ ಗದ್ದಲ ಬಹುತೇಕ ಅಡಗುತ್ತದೆ. 1965ರಲ್ಲಿ ಸುಳಿವು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು.

ಅದೇ ಗಣಿಗಳಲ್ಲಿ ಜನ ಸಿಲಿಕೋಸಿಸ್‌ನಿಂದ ನರಳುತ್ತಿದ್ದರು. ಬೆಣಚುಕಲ್ಲು ಕೊರೆದಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶದ ತಳಕ್ಕಿಳಿದು ಗಡಸು ಗಂಟು ಕಟ್ಟಿಸುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬಂದ ಮೇಲೆ ಗುಣವಾಗುವ ರೋಗವಲ್ಲ. 1940ರ ದಶಕದ ತಪಾಸಣೆಯಲ್ಲಿ ಕೋಲಾರದ ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಇದು ಕಂಡುಬಂದಿತ್ತು. ಹಾಗಾದರೆ ವಿಜ್ಞಾನ ಮೊದಲು ಇವರ ಎದೆಯನ್ನು ನೋಡಬೇಕಿತ್ತಲ್ಲವೇ, ಯಾರ ಹೊಟ್ಟೆಯನ್ನೂ ತುಂಬಿಸದ ಕಣವೊಂದರ ಬೆನ್ನು ಹತ್ತಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ.

ಆದರೆ ವಿಜ್ಞಾನ ಅವರ ಎದೆಯನ್ನು ನೋಡಿಯಾಗಿತ್ತು. 1930ರಲ್ಲೇ ಜೋಹಾನ್ಸ್‌ಬರ್ಗ್‌ನಲ್ಲಿ ಸಿಲಿಕೋಸಿಸ್ ಕುರಿತೇ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ನೀರು ಹಾಯಿಸುತ್ತ ಕೊರೆಯಬೇಕು, ಸುರಂಗದಲ್ಲಿ ಗಾಳಿ ಆಡಬೇಕು, ಆಗಾಗ ಎಕ್ಸ್‌ರೇ ತೆಗೆಸಬೇಕು, ರೋಗ ತಗುಲಿದವನನ್ನು ಧೂಳಿನಿಂದ ದೂರವಿಟ್ಟು ಪರಿಹಾರ ಕೊಡಬೇಕು: ಇವೆಲ್ಲ ಆಗಲೇ ಗೊತ್ತಿದ್ದ ಮಾತು. ಇದಕ್ಕೆಲ್ಲ ಖರ್ಚಿದೆ. ಆ ಖರ್ಚಿನಲ್ಲಿ ಕೈ ಬಿಗಿ ಹಿಡಿದವರನ್ನು ಬಿಟ್ಟು ನ್ಯೂಟ್ರಿನೊ ಹುಡುಕಿದವರನ್ನು ಕಟಕಟೆಗೆ ಹತ್ತಿಸುವುದು ಅನ್ಯಾಯ.

ನ್ಯೂಟ್ರಿನೊದಿಂದ ನಾಳೆ ಏನಾದರೂ ಉಪಯೋಗವಾದೀತು ಎಂಬ ಸಮರ್ಥನೆ ನನಗೆ ಬೇಡ. ನಾವಿರುವ ಜಗತ್ತು ಎಂಥದ್ದೆಂದು ತಿಳಿಯುವ ಆಸೆ ಮನುಷ್ಯನಿಗೆ ಸಹಜ, ಅದೇ ಸಾಕು. ಜನರ ಬದುಕು ಹಸನಾಗಬೇಕೆಂಬುದೂ ಅಷ್ಟೇ ದೊಡ್ಡ ಮಾತು. ಅದರ ಭಾರವನ್ನೆಲ್ಲ ಪ್ರಯೋಗಾಲಯದ ಮೇಲೆ ಹೊರಿಸಿದರೆ ಹೊರಬೇಕಾದವರು ಜಾರಿಕೊಳ್ಳುತ್ತಾರೆ.

ಈಗಲೂ ಜಾರಿಕೊಳ್ಳುತ್ತಿದ್ದಾರೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅದಿರು ಅರೆದು ಸೈನೈಡಿನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ದಿಬ್ಬದಿಬ್ಬವಾಗಿ ಊರಿನ ನಡುವೆ ಬಿದ್ದಿದೆ. ಗಾಳಿ ಬೀಸಿದರೆ ಧೂಳು ಮನೆಯೊಳಕ್ಕೆ. ಮಣ್ಣು ಹೊದಿಸಿ ಗಿಡ ಹಬ್ಬಿಸಿದರೆ ಧೂಳು ತಗ್ಗುತ್ತದೆ. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಹಣ ಬೇಕು. ವಿಜ್ಞಾನದಿಂದ ಬಡವರಿಗೇನು ಬಂತು ಎಂದು ಕೇಳುವವರೆಲ್ಲ ಆ ಹಣವನ್ನು ಸರ್ಕಾರದಿಂದ ಕೇಳಲಿ.