ನೀಡುವ ಕೈ, ಬೇಡುವ ಕೈ

ನಮ್ಮ ಪರಿಗಿಯ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವ ಮಾತು ‘ಊಟವಾಯಿತೆ?’ ಎಂಬುದು. ಕನ್ನಡದ ಮನೆಯಾದರೂ ತೆಲುಗಿನ ಮನೆಯಾದರೂ ಈ ಕುಶಲಪ್ರಶ್ನೆ ಒಂದೇ. ಕೇಳುವವನಿಗೆ ಮನೆಯುಂಟು, ಬಂದವನು ಅತಿಥಿ ಎಂಬ ಎರಡು ಸಂಗತಿಗಳು ಆ ಮಾತಿನೊಳಗೇ ಅಡಗಿವೆ. ಹಾಗಾದರೆ ಮನೆಯೇ ಇಲ್ಲದವನು ಯಾರ ಅತಿಥಿ? ಅವನಿಗೆ ನಾವು ಕೊಡುವ ಅನ್ನ ಆತಿಥ್ಯವೋ, ಬರಿಯ ದಾನವೋ? ಈ ಎರಡರ ನಡುವಿನ ಅಂತರವನ್ನು ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಹಂಚಿಕೊಳ್ಳಬಯಸುತ್ತೇವೆ.

ನಂದಿಬೆಟ್ಟದ ಸೀಮೆಯಿಂದ ಬರುವ ಉತ್ತರ ಪಿನಾಕಿನಿಯೂ ದೇವರಾಯನದುರ್ಗದಿಂದ ಬರುವ ಜಯಮಂಗಲಿಯೂ ನಮ್ಮ ನೆಲದಲ್ಲಿ ಕೂಡುತ್ತವೆ. ಆದರೆ ನೀರಿಗಿಂತ ಮರಳನ್ನೇ ಹೆಚ್ಚು ತೋರುವ ನದಿಗಳಿವು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹಿಂದೂಪುರದಿಂದ ರೈಲು ಹತ್ತಿ ಬೆಂಗಳೂರಿಗೆ ಹೋದವರು ನಮ್ಮ ಎಲ್ಲ ಹಳ್ಳಿಗಳಲ್ಲೂ ಇದ್ದಾರೆ. ದುಡಿದು ಮನೆ ಕಟ್ಟಿಕೊಂಡವರು ಹಬ್ಬಕ್ಕೆ ಬರುತ್ತಾರೆ. ಬಾರದೆ ಉಳಿದವರ ಸುದ್ದಿಯನ್ನು ನಾವು ಕೇಳುವುದಿಲ್ಲ. ಆ ನಗರದ ಮೇಲ್ಸೇತುವೆಗಳ ಕೆಳಗೆ ಮಲಗಿದವರಲ್ಲಿ ನಮ್ಮವರೂ ಇರಬಹುದು. ಈ ಅಳುಕಿನೊಡನೆಯೇ ನಾವು ಕೆಲವರು ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಒಂದು ಕಾನ್ವೆಂಟಿಗೆ ಅಕ್ಕಿ, ಹಣ್ಣು, ಬಟ್ಟೆಗಳ ಗಂಟು ಹೊತ್ತು ಹೋಗಿದ್ದೆವು.

‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’, ಅಂದರೆ ಬಡವರ ಕಿರಿಯ ಸೋದರಿಯರು ಎಂಬ ಸಂನ್ಯಾಸಿನಿಯರ ಆಶ್ರಮವದು. 1900ರಿಂದ ಅಲ್ಲಿ ದಿಕ್ಕಿಲ್ಲದ ವೃದ್ಧರಿಗೆ ಆಸರೆ ದೊರೆಯುತ್ತಿದೆ. ಜಾತಿ ಮತಗಳ ವಿಚಾರಣೆಯಿಲ್ಲ. ಮುಪ್ಪು ಮತ್ತು ಬಡತನ ಇವೆರಡೇ ಪ್ರವೇಶದ ಅರ್ಹತೆಗಳು. ಕ್ರೈಸ್ತ ಸಂನ್ಯಾಸಿನಿಯರು ಬ್ರಹ್ಮಚರ್ಯ, ಅಪರಿಗ್ರಹ, ವಿಧೇಯತೆ ಎಂಬ ಮೂರು ವ್ರತಗಳನ್ನು ಕೈಗೊಳ್ಳುವುದು ವಾಡಿಕೆ. ಇವರಿಗೆ ನಾಲ್ಕನೆಯದೊಂದುಂಟು. ಅದರ ಹೆಸರೇ ಆತಿಥ್ಯ.

ಈ ಪಂಥದ ಮೂಲ ಒಂದು ಹಾಸಿಗೆಯಲ್ಲಿದೆ. 1839ರ ಚಳಿಗಾಲದಲ್ಲಿ ಫ್ರಾನ್ಸಿನ ಸೇಂಟ್ ಸರ್ವಾನ್ ಎಂಬ ಊರಿನಲ್ಲಿ, ಮನೆಗೆಲಸ ಮಾಡಿ ಬದುಕುತ್ತಿದ್ದ ಜಾನ್ ಜುಗಾನ್ ಎಂಬಾಕೆ ಕುರುಡಿಯಾದ, ಕೈಕಾಲು ಸ್ವಾಧೀನವಿಲ್ಲದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಬಂದವರ ಸಂಖ್ಯೆ ಬೆಳೆದಾಗ ಆಕೆ ಬುಟ್ಟಿ ಹಿಡಿದು ಮನೆಮನೆಗೆ ಹೊರಟಳು. ಬೇಡಲು ಹೋದಲ್ಲಿ ಒಬ್ಬಾತ ಹೊಡೆದನಂತೆ. ಈ ಏಟು ನನಗಾಯಿತು, ಇನ್ನು ನನ್ನ ಬಡವರಿಗೇನಾದರೂ ಕೊಡಿ ಎಂದು ಆಕೆ ಶಾಂತವಾಗಿ ಕೇಳಿದಳೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ತನ್ನದೇ ಸಂಸ್ಥೆಯಲ್ಲಿ ಬದಿಗೆ ಸರಿಸಲ್ಪಟ್ಟು, ಕೊನೆಯ 27 ವರ್ಷಗಳನ್ನು ಮರೆಯಲ್ಲಿ ಕಳೆದು, 1879ರಲ್ಲಿ ಆಕೆ ತೀರಿಕೊಂಡಾಗ, ಕಿರಿಯ ಸೋದರಿಯರಲ್ಲಿ ಅನೇಕರಿಗೆ ಈಕೆಯೇ ಸ್ಥಾಪಕಿಯೆಂಬುದು ತಿಳಿದಿರಲಿಲ್ಲ. ಸಂತಪದವಿ ಬಂದದ್ದು 2009ರಲ್ಲಿ.

ಸ್ಥಿರವಾದ ಆದಾಯವನ್ನಿಟ್ಟುಕೊಳ್ಳಬಾರದೆಂದು ಈ ಸಂಸ್ಥೆ 1865ರಲ್ಲಿ ನಿರ್ಧರಿಸಿತು. ದತ್ತಿಯ ಬಡ್ಡಿಯಿಂದ ನಿಶ್ಚಿಂತೆಯಾಗಿ ಅನ್ನವಿಡುವುದಕ್ಕಿಂತ ದಿನದಿನವೂ ಕೇಳಿ ತಂದು ಬಡಿಸುವುದೇ ಮೇಲೆಂದು ಅವರು ಬಗೆದರು. ಮೇಲುನೋಟಕ್ಕೆ ಇದು ಅವಿವೇಕದಂತೆ ತೋರುತ್ತದೆ. ಆದರೆ ಯೋಚಿಸಿದಾಗ ಇದರ ಮರ್ಮ ತಿಳಿಯುತ್ತದೆ. ನೀಡುವವನು ಎಂದೂ ಬೇಡದಿದ್ದರೆ ಅವನ ಕೈ ಮೇಲೆಯೇ ಉಳಿಯುತ್ತದೆ. ಪರರಿಗಾಗಿ ಒಮ್ಮೆ ಕೈಯೊಡ್ಡಿದವನಿಗೆ ಬೇಡುವವನ ನಾಚಿಕೆಯೇನೆಂಬುದು ತಿಳಿಯುತ್ತದೆ. ಅದು ತಿಳಿದವನು ಅನ್ನವಿಡುವ ರೀತಿಯೇ ಬೇರೆ.

ಇದು ನಮಗೆ ಹೊಸ ತತ್ತ್ವವಲ್ಲ. ಹರಿದಾಸರು ತಂಬೂರಿ ಹಿಡಿದು ಮನೆಮನೆಯ ಭಿಕ್ಷೆಯಿಂದ ಬದುಕಿದವರು. ಶರಣರು ದಾನವೆಂಬ ಶಬ್ದವಿದ್ದರೂ ದಾಸೋಹವೆಂಬ ಬೇರೆಯ ಶಬ್ದವನ್ನೇ ಎತ್ತಿಹಿಡಿದರು. ಕೊಡುವವನೇ ದಾಸ ಎಂಬುದು ಅದರ ಅರ್ಥ. ಜಯಮಂಗಲಿಯ ತವರಾದ ತುಮಕೂರು ಸೀಮೆಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಮಕ್ಕಳ ಅನ್ನಕ್ಕಾಗಿ ಹಳ್ಳಿಹಳ್ಳಿ ಸುತ್ತಿ ಧಾನ್ಯ ಕೂಡಿಸಿದ್ದನ್ನು ನಮ್ಮ ಹಿರಿಯರು ಬಲ್ಲರು. ಬುಟ್ಟಿಯಾಗಲಿ ಜೋಳಿಗೆಯಾಗಲಿ, ಅದನ್ನು ಹಿಡಿದ ಕೈಯ ವಿನಯ ಒಂದೇ.

ಇಷ್ಟಾಗಿಯೂ ನಾವು ಬೀದಿಯ ಭಿಕ್ಷುಕನನ್ನು ಕಾಣುವ ಬಗೆ ಬೇರೆ. ಕರ್ನಾಟಕದಲ್ಲಿ ಭಿಕ್ಷಾಟನೆಯನ್ನು ನಿಷೇಧಿಸುವ ಕಾಯಿದೆ 1975ರದು. ನಿರಾಶ್ರಿತರ ಪೋಷಣೆಗೆಂದು ಆಸ್ತಿ ತೆರಿಗೆಯ ಮೇಲೆ ಶೇಕಡ 3ರಷ್ಟು ಉಪಕರವೂ ಉಂಟು. ಕಟ್ಟಿದವನ ಕರ್ತವ್ಯ ಅಲ್ಲಿಗೆ ಮುಗಿಯಿತೆ? ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರಲ್ಲಿ ಹಲವರು ಒಬ್ಬರ ಹಿಂದೊಬ್ಬರಂತೆ ಅಸುನೀಗಿದಾಗ ನಾಡು ಬೆಚ್ಚಿತ್ತು. ಸೂರು, ಅನ್ನ, ಹಣ ಇವು ಆತಿಥ್ಯಕ್ಕೆ ಬೇಕು. ಆದರೆ ಇವಷ್ಟೇ ಆತಿಥ್ಯವಾಗವು.

ಆತಿಥ್ಯದ ಹೆಸರಿನಲ್ಲಿ ನ್ಯಾಯವನ್ನು ಮರೆಯಬಹುದೇ ಎಂದು ಯಾರಾದರೂ ಕೇಳಿದರೆ ಅದು ಯುಕ್ತವಾದ ಪ್ರಶ್ನೆಯೇ ಸರಿ. ಅದಕ್ಕೆ ನಮ್ಮ ಅನಂತಪುರದಲ್ಲಿಯೇ ಒಂದು ಉತ್ತರವಿದೆ. ಸ್ಪೇನಿನಿಂದ ಬಂದ ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಇಲ್ಲಿ ನೆಲೆನಿಂತು ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಬಡವರಿಗೆ ಮನೆಗಳನ್ನು ಕಟ್ಟಿಸಿ, ಹೆಣ್ಣುಮಕ್ಕಳ ಹೆಸರಿಗೆ ಮಾಡಿಕೊಡುತ್ತ ಬಂದಿದೆ. ಮನೆಯಿಲ್ಲದವನನ್ನು ಅತಿಥಿಯಾಗಿ ಕರೆಯುವುದು ಒಂದು ಧರ್ಮ. ಅವನೂ ಒಂದು ದಿನ ಅತಿಥಿಯನ್ನು ಕರೆಯುವಂತೆ ಮಾಡುವುದು ಅದರ ಮುಂದಿನ ಮೆಟ್ಟಿಲು. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಿಕೊಳ್ಳುವಂತಿಲ್ಲ.

ಮತ್ತೆ ಆ ದಿನದ ಮಾತಿಗೆ ಬರುವುದಾದರೆ, ಪ್ರಾರ್ಥನಾಮಂದಿರದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆವು. ಹೊರಬಂದು ತಂದ ಗಂಟುಗಳನ್ನು ಒಪ್ಪಿಸಿದೆವು. ನಮ್ಮಲ್ಲೊಬ್ಬರು ಫೋಟೋ ತೆಗೆಯಲು ಮೊಬೈಲ್ ಹೊರತೆಗೆದರು. ಅಷ್ಟರಲ್ಲಿ ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡಿ, ‘ದೂರದಿಂದ ಬಂದ್ರೇನೋ, ಊಟ ಆಯ್ತಾ?’ ಎಂದರು. ಮೊಬೈಲ್ ಜೇಬಿಗೆ ಮರಳಿತು. ಕೊಡಲೆಂದು ಹೋದ ನಾವು ಆ ಕ್ಷಣದಲ್ಲಿ ಅವರ ಅತಿಥಿಗಳಾಗಿದ್ದೆವು. ತನ್ನ ಮನೆಯೆಂಬ ಭಾವವಿಲ್ಲದವರು ಆ ಮಾತನ್ನು ಕೇಳಲಾರರು. ಆ ಸೋದರಿಯರು ಆಕೆಗೆ ಕೊಟ್ಟದ್ದು ಅನ್ನವನ್ನಷ್ಟೇ ಅಲ್ಲ, ಇತರರನ್ನು ಉಪಚರಿಸುವ ಅಧಿಕಾರವನ್ನೂ ಕೊಟ್ಟಿದ್ದರು.

ಸಾಹಿತ್ಯ ಸಮ್ಮೇಳನದ ದಿನ ನಮ್ಮ ಸಂಘದ ಪಂಕ್ತಿಯಲ್ಲಿ ಎಲೆಗಳು ಸಾಲಾಗಿ ಬೀಳುತ್ತವೆ. ಅಂದು ಬಾಗಿಲಲ್ಲಿ ನಿಂತವರಿಗೆ ಉಳಿದದ್ದನ್ನು ಹೊರಗೆ ಕೊಟ್ಟು ಕಳುಹಿಸುವ ಬದಲು, ಒಳಗೆ ಕರೆದು ಪಕ್ಕದ ಎಲೆಗೆ ಕೂರಿಸಿಕೊಳ್ಳುವೆವೇ? ಕನ್ನಡದ ಒಂದು ಮಾತನ್ನು ಗಡಿಯಾಚೆ ಉಳಿಸಿಕೊಳ್ಳಲೆಂದು ಸೇರುವ ನಾವು, ‘ಊಟವಾಯಿತೆ?’ ಎಂಬ ಮಾತನ್ನು ಮೊದಲು ಉಳಿಸಿಕೊಳ್ಳಬೇಕೆಂದು ನಮ್ಮ ನಮ್ರ ಅರಿಕೆ.