ರಾಜಗಾಮಿ ಮತ್ತು ಮುಟ್ಟುಗೋಲು



ಗಂಡು ಸಂತಾನವಿಲ್ಲದ ವಿಧವೆಗೆ “ನಿನ್ನ ಹೊಲ ಸರ್ಕಾರದ ಪಾಲಾಗುತ್ತದೆ, ಈಗಲೇ ನಮ್ಮ ಹೆಸರಿಗೆ ಬರೆದುಕೊಡು” ಎಂದು ಹೆದರಿಸುವ ದಾಯಾದಿಗಳು ನಮ್ಮ ಆದೋನಿ, ಆಲೂರು ಸೀಮೆಯಲ್ಲಿಯೂ ಇಲ್ಲದಿಲ್ಲ. ಮಗನನ್ನು ಹೆರದಿದ್ದುದೇ ತಪ್ಪು, ಅದಕ್ಕೆ ಹೊಲ ಹೋಗುವುದೇ ದಂಡ ಎಂಬ ಧ್ವನಿ ಆ ಮಾತಿನಲ್ಲಿದೆ. ಇಲ್ಲಿ ಕಾನೂನಿನ ಎರಡು ಹಳೆಯ ಮಾತುಗಳು ಬೆರೆತುಹೋಗಿವೆ.

ಮುಟ್ಟುಗೋಲು ಎಂಬುದು ತಪ್ಪಿಗೆ ವಿಧಿಸುವ ದಂಡ. ರಾಜಗಾಮಿಯಲ್ಲಿ ಯಾರ ತಪ್ಪೂ ಇಲ್ಲ; ವಾರಸುದಾರರೇ ಇಲ್ಲದ ಆಸ್ತಿಯನ್ನು ಸರ್ಕಾರ ವಹಿಸಿಕೊಳ್ಳುತ್ತದೆ, ಅಷ್ಟೆ. ಕಾಳಿದಾಸನ ಶಾಕುಂತಲ ನಾಟಕದಲ್ಲಿ, ಹಡಗು ಒಡೆದು ಸತ್ತ ವರ್ತಕನಿಗೆ ಮಕ್ಕಳಿಲ್ಲ, ಅವನ ಸಂಪತ್ತು ರಾಜಗಾಮಿ ಎಂದು ಅಮಾತ್ಯ ಬರೆದು ಕಳುಹಿಸುತ್ತಾನೆ. ದುಷ್ಯಂತ ಹಾಗೇ ಒಪ್ಪುವುದಿಲ್ಲ, ಅವನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯೇ ವಿಚಾರಿಸಿ ಎನ್ನುತ್ತಾನೆ. ಕೊನೆಗೆ ಆಸ್ತಿ ಗರ್ಭದ ಶಿಶುವಿಗೇ ಸಲ್ಲುತ್ತದೆ. ಮುಟ್ಟುಗೋಲು ಹಾಕುವವನು ತಪ್ಪನ್ನು ರುಜುವಾತು ಮಾಡಬೇಕು. ರಾಜಗಾಮಿ ಎನ್ನುವವನು ವಾರಸುದಾರರನ್ನು ಹುಡುಕಿ ನೋಡಿರಬೇಕು.

ಕುಂಪಣಿ ಸರ್ಕಾರ ಎರಡನ್ನೂ ಬಳಸಿತು. 1839ರಲ್ಲಿ ಕರ್ನೂಲಿನ ನವಾಬ ಗುಲಾಮ್ ರಸೂಲ್ ಖಾನ್ ಗುಟ್ಟಾಗಿ ಮದ್ದುಗುಂಡು ಕೂಡಿಹಾಕಿದನೆಂದು ರಾಜ್ಯ ಕಿತ್ತುಕೊಂಡಿತು. (ಆದೋನಿ ಆಗ ಕರ್ನೂಲಿಗೆ ಸೇರಿರಲಿಲ್ಲ, 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯಲ್ಲಿ ಸೇರಿ ಬಳ್ಳಾರಿಯ ಜೊತೆಗಿತ್ತು.) ಅದಕ್ಕೂ ಮುಂಚೆ, 1824ರಲ್ಲಿ, ಕಿತ್ತೂರಿನ ದೊರೆ ತೀರಿಕೊಂಡಾಗ ದತ್ತು ಮಗನಿದ್ದರೂ ಒಪ್ಪದೆ, ವಾರಸುದಾರರಿಲ್ಲವೆಂದು ಸಂಸ್ಥಾನಕ್ಕೆ ಕೈಹಾಕಿತು. ರಾಣಿ ಚೆನ್ನಮ್ಮ ಕತ್ತಿ ಹಿಡಿದದ್ದು ಇದಕ್ಕೇ. ನನ್ನ ಮಟ್ಟಿಗೆ ಕಿತ್ತೂರಿನದೇ ಹೆಚ್ಚಿನ ಅನ್ಯಾಯ. ನವಾಬನ ಮೇಲೆ ಒಂದು ಆರೋಪವಾದರೂ ಇತ್ತು. ಆರೋಪವೇ ಇಲ್ಲದವರು ಯಾವುದಕ್ಕೆ ಉತ್ತರ ಹೇಳಬೇಕು?

ಈಗಿನ ಕಾನೂನು ದುಷ್ಯಂತನ ದಾರಿಯದೇ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ವಾರಸುದಾರರು ಯಾರೂ ಇಲ್ಲದಿದ್ದರೆ ಮಾತ್ರ ಆಸ್ತಿ ಸರ್ಕಾರಕ್ಕೆ. ಅದೂ ಬರಿಯ ಜಮೆಯಲ್ಲ, ಸತ್ತವರ ಸಾಲವೂ ಖರ್ಚಿನ ಕಡೆ ಬರುತ್ತದೆ. ಗಂಡನಿಂದ ಬಂದ ಹೊಲ ವಿಧವೆಯ ತರುವಾಯ ಹೆಣ್ಣುಮಕ್ಕಳಿಗೂ ಸಲ್ಲುತ್ತದೆ. ಮಕ್ಕಳು ಮೊಮ್ಮಕ್ಕಳು ಯಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ, ಎಷ್ಟೇ ದೂರದ ದಾಯಾದಿಯಾದರೂ ಸರಿ. ಅಂದರೆ ಹೆದರಿಸಲು ಬಂದ ಆ ದಾಯಾದಿ ಬದುಕಿರುವುದೇ ಹೊಲ ರಾಜಗಾಮಿಯಾಗದೆಂಬುದಕ್ಕೆ ಸಾಕ್ಷಿ! ತನ್ನ ಪಾಲಿಗೆ ಬಂದ ಹೊಲಕ್ಕೆ ಆಕೆಯೇ ಪೂರ್ಣ ಒಡತಿ. ಆಕೆ ಇರುವವರೆಗೆ ಯಾರ ಹೆಸರಿಗೂ ಬರೆದುಕೊಡಬೇಕಾದ ಅಗತ್ಯವಿಲ್ಲ.