ಇನ್ನೊಂದು ಟ್ರಿಪ್ ಬಾಳೀತೆ?

ಪ್ರತಿವರ್ಷ ಜೂನ್ ತಿಂಗಳು ಕಾಲಿಡುತ್ತಲೇ ಮಂಗಳೂರಿನ ಹಳೆ ಬಂದರಿನ ಧಕ್ಕೆ ಬೇರೊಂದು ರೂಪ ತಾಳುತ್ತದೆ. ಮೀನುಗಳು ಮೊಟ್ಟೆಯಿಡುವ ಮುಂಗಾರಿನ ದಿನಗಳಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧವಿದೆ. ಹತ್ತು ತಿಂಗಳು ಕಡಲಿನಲ್ಲಿ ದುಡಿದ ಟ್ರಾಲ್‌ಬೋಟುಗಳೂ ಪರ್ಸೀನ್ ಬೋಟುಗಳೂ ಅಳಿವೆಯ ಒಳಗೆ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಕೆಲವನ್ನು ದಡಕ್ಕೆ ಎಳೆಯುತ್ತಾರೆ. ಬಲೆ ಸರಿಪಡಿಸುವವರಿಗೆ, ಬಡಗಿಗಳಿಗೆ, ವೆಲ್ಡಿಂಗ್ ಕೆಲಸದವರಿಗೆ, ಬಣ್ಣ ಬಳಿಯುವವರಿಗೆ ಆಗ ಬಿಡುವಿಲ್ಲದ ದುಡಿಮೆ. ಆಗಸ್ಟಿನಲ್ಲಿ ಹೊಸ ಬಣ್ಣ ತೊಟ್ಟು ಹೊರಡುವ ಬೋಟುಗಳನ್ನು ನೋಡುವುದೇ ಒಂದು ಸೊಗಸು. ಆದರೆ ಈ ಎರಡು ತಿಂಗಳ ಕೆಲಸಗಳಲ್ಲಿ ಅತಿ ಮುಖ್ಯವಾದ ಒಂದು, ನೋಡುಗರ ಕಣ್ಣಿಗೆ ಬೀಳದೆಯೇ ನಡೆದುಹೋಗುತ್ತದೆ. ಬೋಟಿನ ಹಿಂಭಾಗದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಸವೆದ ಪ್ಯಾಕಿಂಗನ್ನು ತೆಗೆದು ಹೊಸತನ್ನು ಕೂರಿಸುವ ಕೆಲಸ ಅದು.

ಬೋಟಿನ ಎಂಜಿನ್ ಒಳಗಿರುತ್ತದೆ; ಬೋಟನ್ನು ಮುಂದಕ್ಕೆ ತಳ್ಳುವ ಫ್ಯಾನು ಹೊರಗೆ, ನೀರಿನಲ್ಲಿರುತ್ತದೆ. ಇವೆರಡನ್ನೂ ಕೂಡಿಸುವ ಉಕ್ಕಿನ ಶಾಫ್ಟು ಹಾದುಹೋಗಬೇಕಾದರೆ ಬೋಟಿನ ತಳದಲ್ಲಿ ಒಂದು ರಂಧ್ರ ಇರಲೇಬೇಕು. ಅಂದರೆ ಕಡಲನ್ನು ಹೊರಗಿಡಬೇಕಾದ ನಾವೆಗೆ ನಾವೇ ಒಂದು ಬಾಗಿಲನ್ನು ತೆರೆದಿದ್ದೇವೆ. ಶಾಫ್ಟು ತಿರುಗುತ್ತಲೂ ಇರಬೇಕು, ನೀರು ಒಳಬರಲೂ ಬಾರದು. ಇದಕ್ಕಾಗಿ ಗ್ಲ್ಯಾಂಡ್ ಎಂಬ ಪೆಟ್ಟಿಗೆಯಲ್ಲಿ, ಜಿಡ್ಡು ಕುಡಿಸಿದ ನೂಲಿನ ಹುರಿಯನ್ನು ಶಾಫ್ಟಿನ ಸುತ್ತ ಬಳೆಗಳಂತೆ ಕೂರಿಸಿ, ಹೊರಗಿನಿಂದ ನಟ್ಟುಗಳನ್ನು ಬಿಗಿಯುತ್ತಾರೆ. ನಾಡದೋಣಿಗಳಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಇದೇ ಕಾರ್ಯವನ್ನು ರಬ್ಬರಿನ ಆಯಿಲ್ ಸೀಲು ಮಾಡುತ್ತದೆ. ಆ ಸೀಲು ಸವೆದರೆ ಗೇರಿನ ಎಣ್ಣೆಗೆ ನೀರು ಬೆರೆತು ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಕಸುಬು ಬಲ್ಲವರು ಆ ಬಣ್ಣ ನೋಡಿಯೇ ಒಳಗಿನ ಸಂಗತಿಯನ್ನು ಓದುತ್ತಾರೆ.

ಪ್ಯಾಕಿಂಗ್ ಬದಲಾಯಿಸುವ ಕೆಲಸಕ್ಕೆ ಹೆಚ್ಚಿನ ಹಣ ಬೇಡ, ತಾಳ್ಮೆ ಬೇಕು. ಹಳೆಯ ಬಳೆಗಳನ್ನು ಕೊಕ್ಕೆಯಿಂದ ಒಂದೊಂದಾಗಿ ಕೀಳಬೇಕು. ಕಟ್ಟಕಡೆಯ ಬಳೆ ಆಳದಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಅದನ್ನು ಹಾಗೆಯೇ ಬಿಟ್ಟು ಮೇಲೊಂದು ಹೊಸ ಬಳೆ ತುರುಕಿದರೆ ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಹೊಸ ಬಳೆಗಳ ತುದಿಗಳು ಸೇರುವ ಜಾಗಗಳು ಒಂದೇ ಸಾಲಿನಲ್ಲಿ ಬರದಂತೆ ತಿರುಗಿಸಿ ಕೂರಿಸಬೇಕು. ಇಲ್ಲವಾದರೆ ನೀರಿಗೆ ಅದೇ ದಾರಿಯಾಗುತ್ತದೆ. ಶಾಫ್ಟನ್ನೂ ಬೆರಳಿನಿಂದ ಸವರಿ ನೋಡಬೇಕು. ವರ್ಷಗಟ್ಟಲೆ ಉಜ್ಜಿದ ಮೆತ್ತನೆಯ ನೂಲು, ಮೆತ್ತನೆಯ ರಬ್ಬರು, ಉಕ್ಕಿನಲ್ಲಿಯೂ ಗೀರು ಕೊರೆದಿರುತ್ತದೆ. ಅದರ ಮೇಲೆ ಎಂಥ ಹೊಸ ಸೀಲು ಕೂರಿಸಿದರೂ ಸೋರಿಕೆ ನಿಲ್ಲದು. ಶಾಫ್ಟನ್ನು ಹಿಡಿದಿರುವ ಬುಷ್ ಸವೆದು ಶಾಫ್ಟು ನಡುಗುತ್ತಿದ್ದರೂ ಅಷ್ಟೇ. ಸೋರುವ ಜಾಗ ಒಂದು, ಸೋರಿಕೆಯ ಕಾರಣ ಇನ್ನೊಂದು.

ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಜೂನ್ ತಿಂಗಳಿನಲ್ಲಿ ಹೊರತೆಗೆದ ಆ ಹಳೆಯ ಪ್ಯಾಕಿಂಗ್ ಅನೇಕ ವೇಳೆ ಪೂರ್ತಿ ಕೆಟ್ಟಿರುವುದಿಲ್ಲ. ಮೇ ತಿಂಗಳ ಕೊನೆಯ ದಿನದವರೆಗೂ ಅದು ಕೆಲಸ ಮಾಡಿದೆ. ಇನ್ನೊಂದು ಟ್ರಿಪ್ ಬಾಳಬಹುದು, ಹತ್ತು ಟ್ರಿಪ್ಪೂ ಬಾಳಬಹುದು. ಕೆಲಸ ಮಾಡುತ್ತಿರುವ ವಸ್ತುವನ್ನು ಎಸೆಯುವುದು ದುಂದುಗಾರಿಕೆಯಲ್ಲವೆ? ನಮ್ಮ ಹಿರಿಯರು ನಮಗೆ ಕಲಿಸಿದ್ದು ಮಿತವ್ಯಯವನ್ನು. ಹರಿದದ್ದನ್ನು ಹೊಲಿದು ಉಟ್ಟು, ಒಡೆದ ಹಂಚಿನ ಚೂರಿಗೂ ಒಂದು ಉಪಯೋಗ ಹುಡುಕಿ ಬಾಳಿದವರು ಅವರು. ಬೋಟಿನ ಮಾಲೀಕನ ಸ್ಥಿತಿಯನ್ನೂ ನಾವು ಹಗುರವಾಗಿ ಕಾಣಲಾಗದು. ಎರಡು ತಿಂಗಳು ಆದಾಯವಿಲ್ಲ. ಬ್ಯಾಂಕಿನ ಕಂತು, ಡೀಸೆಲ್, ಬಲೆ, ಮಂಜುಗಡ್ಡೆ ಎಲ್ಲಕ್ಕೂ ಹಣ ಹೊಂದಿಸಬೇಕು. ‘ಈ ವರ್ಷ ಹೇಗಾದರೂ ನಡೆಯಲಿ’ ಎಂಬ ಮಾತು ದುಷ್ಟತನದಿಂದ ಹುಟ್ಟುವುದಿಲ್ಲ, ಇಕ್ಕಟ್ಟಿನಿಂದ ಹುಟ್ಟುತ್ತದೆ.

ಆದರೂ ಮಿತವ್ಯಯಕ್ಕೂ ಜಿಪುಣತನಕ್ಕೂ ನಡುವೆ ಒಂದು ಗೆರೆಯಿದೆ. ಹರಿದ ಅಂಗಿಯನ್ನು ಹೊಲಿದು ತೊಡುವವನು ತನ್ನ ಸುಖದಲ್ಲಿ ಕಡಿತ ಮಾಡಿಕೊಳ್ಳುತ್ತಾನೆ. ಸವೆದ ಸೀಲನ್ನು ಉಳಿಸಿಕೊಳ್ಳುವವನು ಮತ್ತೊಬ್ಬನ ಸುರಕ್ಷೆಯಲ್ಲಿ ಕಡಿತ ಮಾಡುತ್ತಾನೆ. ಆಳಸಮುದ್ರಕ್ಕೆ ಹೋಗುವ ಬೋಟು ವಾರಕ್ಕೂ ಹೆಚ್ಚು ಕಾಲ ದಡದಿಂದ ದೂರವಿರುತ್ತದೆ. ಅದರಲ್ಲಿ ದುಡಿಯುವ ಖಲಾಸಿಗಳಲ್ಲಿ ಅನೇಕರು ಒಡಿಶಾ, ಜಾರ್ಖಂಡ್, ಆಂಧ್ರಪ್ರದೇಶ, ತಮಿಳುನಾಡುಗಳಿಂದ ಹೊಟ್ಟೆಪಾಡಿಗಾಗಿ ಬಂದವರು. ಗ್ಲ್ಯಾಂಡಿನ ಪ್ಯಾಕಿಂಗ್ ಬದಲಾಯಿತೋ ಇಲ್ಲವೋ ಎಂದು ಕೇಳುವ ಅಧಿಕಾರ ಅವರಿಗಿಲ್ಲ. ಕೇಳಬೇಕೆಂಬ ತಿಳಿವಳಿಕೆಯೂ ಹೊಸಬರಿಗೆ ಇರಲಾರದು. ರಾತ್ರಿ ಎಲ್ಲರೂ ನಿದ್ರಿಸಿರುವಾಗ ಒಳಬಂದ ನೀರನ್ನು ಹೊರಹಾಕುವ ಪಂಪು ಕೈಕೊಟ್ಟರೆ, ನೀರು ಸದ್ದಿಲ್ಲದೆ ಎಂಜಿನ್ನಿನವರೆಗೆ ಏರುತ್ತದೆ. ತೀರ್ಮಾನ ದಡದಲ್ಲಿದ್ದವನದು, ಅಪಾಯ ಕಡಲಲ್ಲಿದ್ದವನದು. ಇನ್ನೊಬ್ಬನ ಜೀವವನ್ನು ಪಣವಿಟ್ಟು ಉಳಿಸಿದ ಹಣವನ್ನು ಉಳಿತಾಯವೆಂದು ಕರೆಯಲು ನಮಗೆ ಹಕ್ಕಿದೆಯೆ?

ಇದು ಕೇವಲ ಬಡವರ ಇಕ್ಕಟ್ಟೆಂದು ತಿಳಿಯಬಾರದು. ಜಗತ್ತಿನ ಅತ್ಯಂತ ಸಂಪನ್ನ ರಾಷ್ಟ್ರದಲ್ಲಿಯೂ ಇದೇ ನಡೆಯಿತು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ, ಒಬ್ಬ ಶಾಲಾ ಶಿಕ್ಷಕಿಯೂ ಸೇರಿದಂತೆ ಏಳು ಮಂದಿ ಮಡಿದರು. ಕಾರಣ, ರಾಕೆಟಿನ ಭಾಗಗಳು ಕೂಡುವಲ್ಲಿದ್ದ ಒಂದು ರಬ್ಬರಿನ ಸೀಲು. ಹಿಂದಿನ ಕೆಲವು ಹಾರಾಟಗಳಲ್ಲಿಯೇ ಆ ಸೀಲುಗಳು ಬಿಸಿ ಅನಿಲಕ್ಕೆ ಸಿಕ್ಕಿ ಸವೆದದ್ದು ಕಂಡುಬಂದಿತ್ತು. ಆದರೆ ನೌಕೆ ಪ್ರತಿಸಲವೂ ಸುರಕ್ಷಿತವಾಗಿ ಮರಳಿತ್ತಾದ್ದರಿಂದ, ಆ ಸವೆತವೇ ಸಹಜವೆಂಬ ಭಾವನೆ ಬೆಳೆಯಿತು. ಹಾರಾಟದ ಹಿಂದಿನ ರಾತ್ರಿ ಆ ಸೀಲುಗಳ ಸ್ವಭಾವವನ್ನು ಬಲ್ಲ ಎಂಜಿನಿಯರುಗಳು, ಇಷ್ಟು ಚಳಿಯಲ್ಲಿ ಹಾರಿಸಬೇಡಿ ಎಂದು ಎಚ್ಚರಿಸಿದರು. ಅವರ ಮಾತನ್ನು ಬದಿಗೊತ್ತಲಾಯಿತು. ಮರುದಿನದ ತಾಪಮಾನ ಸುಮಾರು 2 ಡಿಗ್ರಿ ಸೆಲ್ಸಿಯಸ್. ಅನಂತರ ತನಿಖಾ ಆಯೋಗದ ಮುಂದೆ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡೊಂದನ್ನು ಒತ್ತಿ ಹಿಡಿದು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ತೆಗೆದರು. ಬಿಟ್ಟರೂ ಅದು ಕೂಡಲೇ ಹಿಂದಿನ ಆಕಾರಕ್ಕೆ ಮರಳಲಿಲ್ಲ. ಹಿಂದಿನ ರಾತ್ರಿ ಒಪ್ಪಿಗೆ ನೀಡಿದವರಲ್ಲಿ ಯಾರೂ ಆ ನೌಕೆಯೊಳಗೆ ಕುಳಿತಿರಲಿಲ್ಲ.

‘ನಿನ್ನೆಯವರೆಗೆ ಏನೂ ಆಗಲಿಲ್ಲ, ಆದ್ದರಿಂದ ನಾಳೆಯೂ ಆಗದು’ ಎಂಬ ತರ್ಕ ಎಷ್ಟು ಸಹಜವೋ ಅಷ್ಟೇ ಅಪಾಯಕಾರಿ. ಸವೆಯುವ ವಸ್ತುವಿನ ವಿಷಯದಲ್ಲಿ ಸತ್ಯ ಇದಕ್ಕೆ ವಿರುದ್ಧವಾಗಿದೆ. ಸುರಕ್ಷಿತವಾಗಿ ಮುಗಿದ ಪ್ರತಿಯೊಂದು ಟ್ರಿಪ್ಪೂ ಅದರ ಆಯುಷ್ಯದಿಂದ ಒಂದಿಷ್ಟನ್ನು ಕಳೆದಿರುತ್ತದೆ.

ಹಾಗೆಂದು ಒಂದು ಹನಿಯೂ ಸೋರಬಾರದೆಂಬ ಹಟವೂ ಸರಿಯಲ್ಲ ಎಂಬುದನ್ನು ಇದೇ ಗ್ಲ್ಯಾಂಡ್ ಕಲಿಸುತ್ತದೆ. ಶಾಫ್ಟು ತಿರುಗುವಾಗ ನೂಲಿನ ಪ್ಯಾಕಿಂಗಿನಿಂದ ಆಗೊಂದು ಈಗೊಂದು ಹನಿ ತೊಟ್ಟಿಕ್ಕಬೇಕು. ಆ ನೀರೇ ಶಾಫ್ಟನ್ನು ತಂಪಾಗಿಡುತ್ತದೆ. ಪೂರ್ತಿ ಒಣಗುವಂತೆ ನಟ್ಟು ಬಿಗಿದರೆ ಪ್ಯಾಕಿಂಗ್ ಸುಟ್ಟು, ಶಾಫ್ಟೂ ಕೆಡುತ್ತದೆ. ಹಾಗಾದರೆ ಸಹಿಸತಕ್ಕ ಸೋರಿಕೆಗೂ ಅಸಡ್ಡೆಗೂ ವ್ಯತ್ಯಾಸವೇನು? ಮೊದಲನೆಯದು ನಾವು ತಿಳಿದು, ಅಳೆದು, ಪ್ರತಿದಿನ ಕಣ್ಣಿಟ್ಟು ನೋಡುವ ಸೋರಿಕೆ. ನಿನ್ನೆಗಿಂತ ಇಂದು ಹೆಚ್ಚಾಯಿತೇ ಎಂದು ಕೇಳಿಕೊಳ್ಳುವ ಸೋರಿಕೆ. ಎರಡನೆಯದು ಕಂಡೂ ಕಾಣದಂತೆ ಬಿಟ್ಟದ್ದು. ಮಕ್ಕಳನ್ನು ಬೆಳೆಸುವವರಿಗೂ ಈ ವಿವೇಕ ಬೇಕು. ಉಸಿರುಗಟ್ಟುವಂತೆ ಬಿಗಿದರೆ ಮನೆ ಸುಡುತ್ತದೆ, ಸಡಿಲ ಬಿಟ್ಟು ಮರೆತರೆ ಮುಳುಗುತ್ತದೆ.

ಈ ಬಗೆಯ ಕೆಲಸಕ್ಕೆ ಸಿಗುವ ಪ್ರತಿಫಲವಾದರೂ ಏನು? ಏನೂ ಆಗದಿರುವುದು! ಮುಳುಗುತ್ತಿರುವ ಬೋಟಿನಿಂದ ಜನರನ್ನು ಪಾರುಮಾಡಿದವನಿಗೆ ಹಾರ ತುರಾಯಿಯ ಸನ್ಮಾನ ನಡೆಯುತ್ತದೆ. ಬೋಟು ಮುಳುಗದಂತೆ ಜೂನ್ ತಿಂಗಳಿನಲ್ಲಿ ಕೊನೆಯ ಬಳೆಯನ್ನೂ ಕಿತ್ತು ತೆಗೆದವನ ಹೆಸರು ಯಾರಿಗೂ ಗೊತ್ತಿಲ್ಲ. ತಾನು ಯಾವ ದುರಂತವನ್ನು ತಡೆದೆನೆಂಬುದು ಅವನಿಗೂ ಎಂದೂ ತಿಳಿಯದು. ಆದ್ದರಿಂದಲೇ ಈ ದುಡಿಮೆ ಮನುಷ್ಯನ ಪ್ರಾಮಾಣಿಕತೆಗೆ ನಿಜವಾದ ಒರೆಗಲ್ಲು. ಹೊಗಳಿಕೆಯ ಆಸೆಯಿಲ್ಲದೆ, ಸಿಕ್ಕಿಬೀಳುವ ಭಯವಿಲ್ಲದೆ ಸರಿಯಾದುದನ್ನು ಮಾಡುವ ಆ ಗಳಿಗೆಯಲ್ಲಿ ಅವನ ಆತ್ಮಸಾಕ್ಷಿಯೊಂದೇ ಅವನ ಮೇಲ್ವಿಚಾರಕ.

ಪ್ರಿಯ ಓದುಗರೇ, ನಮ್ಮಲ್ಲಿ ಹೆಚ್ಚಿನವರಿಗೆ ಬೋಟಿಲ್ಲ. ಆದರೆ ನಮ್ಮೆಲ್ಲರ ಸುಪರ್ದಿನಲ್ಲಿಯೂ ಇನ್ನೊಬ್ಬರ ಸುರಕ್ಷೆ ಇದೆ. ಅಡುಗೆಮನೆಯ ಗ್ಯಾಸಿನ ರಬ್ಬರ್ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಮ್ಮ ಮನೆಯದಕ್ಕೆ ಎಷ್ಟು ವರ್ಷವಾಯಿತು? ಮಗುವನ್ನು ಶಾಲೆಗೆ ಬಿಡುವ ಸ್ಕೂಟರಿನ ಬ್ರೇಕು ಹೇಗಿದೆ? ಮನೆಗೆಲಸಕ್ಕೆ ಬರುವಾಕೆ ದಿನಾಲೂ ಮುಟ್ಟುವ ಸ್ವಿಚ್ಚಿನ ಬಿರುಕು ನಮ್ಮ ಕಣ್ಣಿಗೆ ಬಿದ್ದಿಲ್ಲವೆ? ಮಳೆಗೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಯುವ ಲೈನ್‌ಮ್ಯಾನನ್ನೂ, ತೋಡಿನ ಹೂಳೆತ್ತುವ ಪೌರಕಾರ್ಮಿಕನನ್ನೂ, ಮಲಗುವ ಮುನ್ನ ಗ್ಯಾಸ್ ಬಂದಾಗಿದೆಯೇ ಎಂದು ನೋಡಿ ಬರುವ ತಾಯಿಯನ್ನೂ ನಾವು ಎಂದಾದರೂ ನೆನೆದಿದ್ದೇವೆಯೆ?

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವವರೆಗೆ ಕಾಯಬಾರದು. ‘ಇನ್ನೊಂದು ಟ್ರಿಪ್ ಬಾಳೀತೆ?’ ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದಾಗ, ಆ ಟ್ರಿಪ್ಪಿನಲ್ಲಿ ಹೋಗುವವರು ಯಾರು ಎಂದು ಮೊದಲು ಕೇಳಿಕೊಳ್ಳೋಣ. ಆ ಬೋಟಿನಲ್ಲಿ ನಮ್ಮ ಮಗನೇ ಹೊರಟಿದ್ದರೆ ಏನು ಮಾಡುತ್ತಿದ್ದೆವೋ, ಹೆಸರು ಗೊತ್ತಿಲ್ಲದ ಖಲಾಸಿಗೂ ಅದನ್ನೇ ಮಾಡೋಣ.